ಮೊದಲು ಯಾವುದು, ಆಮೇಲೆ ಯಾವುದು? ಹಳೆಯ ಬೇಸ್ ಗಿಟಾರ್‌ನ ಅಸಲಿತನ ಹುಡುಕುವ ಬಗೆ

ಒಂದು ಹಳೆಯ ಬೇಸ್ ಗಿಟಾರ್ ನಿಮ್ಮೆದುರು ಮೇಜಿನ ಮೇಲಿದೆ ಅಂದುಕೊಳ್ಳಿ. ಫೆಂಡರ್ ಕಂಪನಿಯ ಜಾಝ್ ಬೇಸ್. 1966ರದ್ದು ಅಂತ ಮಾರುವವರು ಹೇಳುತ್ತಾರೆ. "ಸ್ವಲ್ಪ ಮಾಡಿಫೈ ಆಗಿದೆ, ಅಷ್ಟೇ" ಅಂತಲೂ ಸೇರಿಸುತ್ತಾರೆ. ನೀವು ತಂತಿ ಸಡಿಲಿಸಿ, ನಾಬ್‌ಗಳಿರುವ ಲೋಹದ ತಟ್ಟೆಯ ಸ್ಕ್ರೂ ಬಿಚ್ಚಿ, ತಟ್ಟೆಯನ್ನು ಮೆಲ್ಲಗೆ ಮಗುಚುತ್ತೀರಿ. ಅದರ ಹಿಂದೆ ಮೂರು ಪಾಟ್‌ಗಳಿವೆ. ವಾಲ್ಯೂಮ್, ಟೋನ್ ಹೆಚ್ಚುಕಡಿಮೆ ಮಾಡುವ ಪುಟ್ಟ ಡಬ್ಬಿಗಳು ಇವು. ಎರಡರ ಮೈಮೇಲೆ 1376612 ಅಂತ ಒತ್ತಿದೆ. ಮೂರನೆಯದರ ಮೇಲೆ 1377825.

ಈ ಅಂಕಿಗಳನ್ನು ಓದುವುದು ಸುಲಭ. 137 ಅನ್ನುವುದು ಪಾಟ್ ತಯಾರಿಸಿದ ಸಿಟಿಎಸ್ ಕಂಪನಿಯ ಗುರುತು. ಆಮೇಲಿನ ಎರಡು ಅಂಕಿ ವರ್ಷ, ಕೊನೆಯ ಎರಡು ವಾರ. ಮೊದಲೆರಡು ಪಾಟ್ 1966ರ 12ನೇ ವಾರದಲ್ಲಿ ತಯಾರಾದವು. ಮೂರನೆಯದು 1978ರ 25ನೇ ವಾರದ್ದು. ಅಂದರೆ 1978ರ ಮಧ್ಯಭಾಗದ ನಂತರ ಯಾರೋ ಈ ಗಿಟಾರ್‌ನ ಹೊಟ್ಟೆಗೆ ಕೈ ಹಾಕಿದ್ದಾರೆ. ಇಲ್ಲೊಂದು ಎಚ್ಚರ ಬೇಕು. 1966ರ ಪಾಟ್ ಇದೆ ಎಂದ ಮಾತ್ರಕ್ಕೆ ಗಿಟಾರ್ 1966ರದ್ದೇ ಆಗಬೇಕಿಲ್ಲ. ಫೆಂಡರ್ ಆ ವರ್ಷ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿತ್ತು. ಅವು 1969ರವರೆಗಿನ ಗಿಟಾರ್‌ಗಳಲ್ಲೂ ಸಿಗುತ್ತವೆ. ಪಾಟ್ ಹೇಳುವುದು ಒಂದೇ ಮಾತು: "ನಾನು ಹುಟ್ಟುವ ಮೊದಲು ಈ ವೈರಿಂಗ್ ಆಗಿರಲು ಸಾಧ್ಯವಿಲ್ಲ."

ಇನ್ನು "ಇದು ಒರಿಜಿನಲ್ಲೋ ಅಲ್ವೋ?" ಅನ್ನುವ ಪ್ರಶ್ನೆ. ಇಡೀ ಗಿಟಾರ್‌ಗೆ ಒಂದೇ ಉತ್ತರ ಕೊಡಲು ಹೋದರೆ ಎಡವುತ್ತೇವೆ ಅಂತ ನನಗನ್ನಿಸುತ್ತದೆ. ಕಂಪನಿ ಕಟ್ಟಿದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನುವ ಮಾದರಿ ತಂದಾಗಲೇ ರಿಪೇರಿ ಸುಲಭವಾಗಲಿ ಅಂತ ಯೋಚಿಸಿದ್ದರು. ಕುತ್ತಿಗೆಯನ್ನು, ಅಂದರೆ ನೆಕ್ ಅನ್ನು, ಅಂಟಿಸಲಿಲ್ಲ. ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಬಿಗಿದದ್ದನ್ನು ಯಾರು ಬೇಕಾದರೂ ಬಿಚ್ಚಬಹುದು, ಬೇರೆಯದನ್ನು ಕೂರಿಸಬಹುದು. ಅರವತ್ತರ ದಶಕದ ಜಾಝ್ ಬೇಸ್‌ನಲ್ಲಿ ಸೀರಿಯಲ್ ನಂಬರ್ ಇರುವುದು ಅದೇ ನಾಲ್ಕು ಸ್ಕ್ರೂಗಳ ಕೆಳಗಿನ ಲೋಹದ ಪಟ್ಟಿಯ ಮೇಲೆ. ಒಂದೈದು ನಿಮಿಷದಲ್ಲಿ ಬದಲಾಯಿಸಬಹುದಾದ ಪಟ್ಟಿ ಅದು! ಹಾಗಾಗಿ ಬರೀ ನಂಬರ್ ನೋಡಿ ನಂಬಬಾರದು. ನೆಕ್, ಬಾಡಿ, ಬಣ್ಣ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಒಂದೊಂದನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಆಮೇಲೆ ಅವುಗಳ ಮಾತು ಒಂದಕ್ಕೊಂದು ಹೊಂದುತ್ತದಾ ಅಂತ ನೋಡಬೇಕು.

ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ತಿಂಗಳು, ವರ್ಷದ ಮುದ್ರೆ ಸಿಗುತ್ತದೆ. ನಮ್ಮದರಲ್ಲಿ ಮೇ 1966 ಅಂತಿದೆ. ಮೊದಲೆರಡು ಪಾಟ್‌ಗಳ ಜೊತೆ ಹೊಂದಿತು. ಬಾಡಿಯ ಕಡೆ ನೆಕ್ ಕೂರುವ ಗುಂಡಿಯನ್ನೂ ನೋಡಿ. ಆ ಕಾಲದಲ್ಲಿ ಬಣ್ಣ ಹೊಡೆಯುವಾಗ ಬಾಡಿ ಹಿಡಿದುಕೊಳ್ಳಲು ಈ ಗುಂಡಿಗೆ ಒಂದು ಕೋಲನ್ನು ಸ್ಕ್ರೂ ಮಾಡುತ್ತಿದ್ದರು. ಕೋಲಿದ್ದ ಜಾಗಕ್ಕೆ ಬಣ್ಣ ತಾಗುತ್ತಿರಲಿಲ್ಲ. ಫ್ಯಾಕ್ಟರಿ ಬಣ್ಣವಾದರೆ ಅಲ್ಲೊಂದು ಪಟ್ಟೆಯಷ್ಟು ಜಾಗ ಬಣ್ಣವಿಲ್ಲದೆ ಉಳಿದಿರಬೇಕು. ನಮ್ಮ ಗಿಟಾರ್‌ನ ಗುಂಡಿಯೊಳಗೆ ಪೂರ್ತಿ ಬಣ್ಣ ಹರಿದಿದೆ. ಅನುಮಾನ ಶುರುವಾಯಿತು.

ಬಣ್ಣದ ವಿಚಾರಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ವಿಜ್ಞಾನ ಜಾಸ್ತಿ ಇರುವುದು ಇಲ್ಲೇ. ಆ ಕಾಲದ ಲ್ಯಾಕರ್, ಅಂದರೆ ಹೊಳಪಿನ ಲೇಪ, ಹೆಚ್ಚಾಗಿ ನೈಟ್ರೋಸೆಲ್ಯುಲೋಸ್‌ನದು. ಸೆಲ್ಯುಲೋಸ್ ನಾರಿಗೆ ನೈಟ್ರಿಕ್ ಆಮ್ಲ ಸೇರಿಸಿ ಮಾಡುವ ವಸ್ತು. ಅದು ಒಣಗುವುದೆಂದರೆ ಒಳಗಿನ ದ್ರಾವಕ ಆರಿಹೋಗುವುದು, ಅಷ್ಟೇ. ಅಣುಗಳು ಒಂದಕ್ಕೊಂದು ಗಂಟು ಹಾಕಿಕೊಳ್ಳುವುದಿಲ್ಲ. ಅದಕ್ಕೇ ಐವತ್ತು ವರ್ಷದ ನಂತರವೂ ಒಂದು ತೊಟ್ಟು ಅಸಿಟೋನ್ ತಾಗಿದರೆ ಕರಗುತ್ತದೆ. 1968ರ ಸುಮಾರಿಗೆ ಫೆಂಡರ್ ಬಳಸತೊಡಗಿದ ಪಾಲಿಯೆಸ್ಟರ್ ಬಣ್ಣದ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಅಸಿಟೋನ್‌ಗೆ ಅದು ಜಗ್ಗುವುದಿಲ್ಲ. ಆದರೆ ಹಳೆಯ ಗಿಟಾರ್ ಮೇಲೆ ಅಸಿಟೋನ್ ಪರೀಕ್ಷೆ ಮಾಡಲು ದಯವಿಟ್ಟು ಹೋಗಬೇಡಿ. ಹಾನಿಯಾದರೆ ಸರಿಪಡಿಸಲಾಗದು.

ಅದರ ಬದಲು ಕತ್ತಲೆ ಕೋಣೆ, ಒಂದು ಯುವಿ (ಅತಿನೇರಳೆ) ಟಾರ್ಚ್ ಸಾಕು. ನೈಟ್ರೋ ಲ್ಯಾಕರ್ ವರ್ಷಗಳು ಕಳೆದಂತೆ ನಿಧಾನವಾಗಿ ಒಡೆಯುತ್ತಾ, ಹಳದಿಯಾಗುತ್ತಾ ಹೋಗುತ್ತದೆ. ಹೀಗೆ ಬದಲಾದ ಅಣುಗಳು ಕಣ್ಣಿಗೆ ಕಾಣದ ಯುವಿ ಬೆಳಕನ್ನು ಹೀರಿಕೊಂಡು, ಕಾಣುವ ಬೆಳಕಾಗಿ ಹೊರಗೆ ಬಿಡುತ್ತವೆ. ಹಳೆಯ ಲ್ಯಾಕರ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ತೇಪೆ ಹಚ್ಚಿದ ಜಾಗ ಬೇರೆ ಥರ, ಹೆಚ್ಚಾಗಿ ಮಂಕಾಗಿ ಕಾಣುತ್ತದೆ. ಕಲಾಕೃತಿಗಳ ಮೇಲಿನ ತೇಪೆ ಹುಡುಕಲು ಮ್ಯೂಸಿಯಂಗಳೂ ಇದೇ ಉಪಾಯ ಬಳಸುತ್ತವೆ.

ಈಗ ಭೂತಗನ್ನಡಿ ತೆಗೆದುಕೊಳ್ಳಿ. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ವಯಸ್ಸಾಗಿ ಪೆಡಸಾದ ಲ್ಯಾಕರ್ ಜೊತೆಗೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ನಕಲಿ ಮಾಡುವವರು ಹೊಸ ಬಣ್ಣವನ್ನು ತಟ್ಟನೆ ತಣ್ಣಗಾಗಿಸಿಯೋ ಬ್ಲೇಡಿನಿಂದ ಗೀರಿಯೋ ಬಿರುಕು ಹುಟ್ಟಿಸುತ್ತಾರೆ. ಹಾಗಾಗಿ ಬಿರುಕು ಇದೆಯಾ ಅಂತ ನೋಡಿದರೆ ಸಾಲದು. ಯಾವುದನ್ನು ಯಾವುದು ಕತ್ತರಿಸಿದೆ ಅಂತ ನೋಡಬೇಕು. ಬಂಡೆಗಳ ವಯಸ್ಸು ಲೆಕ್ಕ ಹಾಕುವ ಭೂವಿಜ್ಞಾನಿಗಳ ನಿಯಮವೇ ಇಲ್ಲಿಗೂ ಬರುತ್ತದೆ: ಕತ್ತರಿಸಿದ್ದು ಯಾವಾಗಲೂ ಆಮೇಲಿನದು. ಸ್ಕ್ರೂ ತೂತಿನ ಒಂದು ಬದಿಯಲ್ಲಿ ನಿಂತ ಬಿರುಕು ಅದೇ ನೇರಕ್ಕೆ ಇನ್ನೊಂದು ಬದಿಯಲ್ಲಿ ಮುಂದುವರಿದಿದ್ದರೆ, ಮೊದಲು ಬಿರುಕು, ಆಮೇಲೆ ತೂತು. ತೂತಿನ ಅಂಚಿನಿಂದಲೇ ಬಿರುಕು ಹೊರಟಿದ್ದರೆ ಕ್ರಮ ತಿರುಗುಮುರುಗಾಗಿರುವ ಸಾಧ್ಯತೆ ಹೆಚ್ಚು.

ಇದೇ ನಿಯಮ ಹಿಡಿದು ನಮ್ಮ ಗಿಟಾರ್ ನೋಡೋಣ. ಬಾಡಿಯ ಮುಂಭಾಗಕ್ಕೆ ಗೀರು ಬೀಳದಂತೆ ಹಾಕಿರುವ ತಟ್ಟೆಯನ್ನು, ಅಂದರೆ ಪಿಕ್‌ಗಾರ್ಡ್ ಅನ್ನು, ತೆಗೆದಾಗ ಎರಡು ಪಿಕಪ್‌ಗಳ ನಡುವೆ ಮರದ ತುಂಡೊಂದು ತುಂಬಿರುವುದು ಕಾಣುತ್ತದೆ. ಹಿಂದೆ ಅಲ್ಲೊಂದು ದೊಡ್ಡ ಪಿಕಪ್ ಕೂರಿಸಲು ಕೊರೆದಿದ್ದರು, ಆಮೇಲೆ ಯಾರೋ ಮುಚ್ಚಿದ್ದಾರೆ. 1978ರ ಪಾಟ್‌ನ ಬೆನ್ನಿಗೆ ಪ್ಲಾಸ್ಟಿಕ್ ಹೊದಿಕೆಯ ವೈರಿನ ತುಂಡೊಂದು ಅಂಟಿಕೊಂಡಿದೆ. ಉಳಿದ ಹಳೆಯ ವೈರುಗಳಿಗೆ ಬಟ್ಟೆಯ ಹೊದಿಕೆ. ಮುಚ್ಚಿದ ಮರದ ತುಂಡಿನ ಮೇಲೆ ಬಣ್ಣ ಎಲ್ಲೂ ಕಡಿಯದೆ ಹರಿದಿದೆ. ಹಾಗಾದರೆ ಕೊರೆದದ್ದು ಮೊದಲು, ಮುಚ್ಚಿದ್ದು ಆಮೇಲೆ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಬಣ್ಣ ಫ್ಯಾಕ್ಟರಿಯದಲ್ಲ. ನೆಕ್ ಗುಂಡಿ ಹುಟ್ಟಿಸಿದ ಅನುಮಾನಕ್ಕೆ ಉತ್ತರ ಸಿಕ್ಕಿತು.

ಪಿಕಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ವಿದ್ಯುತ್ ರೋಧ ಅಳೆಯುವ ಮಲ್ಟಿಮೀಟರ್ ಇಟ್ಟರೆ ಈ ಮಾದರಿಗೆ 7ರಿಂದ 8 ಕಿಲೋಓಮ್ ಆಸುಪಾಸು ಬರುವುದು ಸಹಜ. ಒಂದೇ ವಿಷಯ ನೆನಪಿಡಿ: ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4% ಏರುತ್ತದೆ. 20 ಡಿಗ್ರಿಯಲ್ಲಿ 7.5 ತೋರಿಸಿದ ಪಿಕಪ್ 35 ಡಿಗ್ರಿಯಲ್ಲಿ 7.9ಕ್ಕಿಂತ ಮೇಲೆ ತೋರಿಸುತ್ತದೆ. ಅಷ್ಟು ವ್ಯತ್ಯಾಸಕ್ಕೇ "ತಂತಿ ಮತ್ತೆ ಸುತ್ತಿದ್ದಾರೆ" ಅಂತ ದೂರಬೇಡಿ.

ಕಾರ್ಬನ್ ಡೇಟಿಂಗ್ ಮಾಡಿಸಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಅದು ಮರ ಬೆಳೆದ ಕಾಲ ಹೇಳುತ್ತದೆ, ಗಿಟಾರ್ ಜೋಡಿಸಿದ ಕಾಲವನ್ನಲ್ಲ. ಹಳೆಯ ಮರ ತಂದು ಹೊಸ ಗಿಟಾರ್ ಮಾಡಿದರೆ ಅದು ಹಿಡಿಯಲಾರದು. ಮೇಲಾಗಿ ಒಂದು ಚೂರು ಮರ ಕೀಳಬೇಕು.

ಮಾಡಿಫೈ ಆದ ಗಿಟಾರ್ ಅಂದರೆ ಬೆಲೆ ಕಳೆದುಕೊಂಡ ಗಿಟಾರ್ ಅಂತ ಮೂಗು ಮುರಿಯುವವರಿಗೆ ನಾನು ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅವರ ಬೇಸ್ ನೆನಪಿಸುತ್ತೇನೆ. ಅದು 1962ರ ಜಾಝ್ ಬೇಸ್. ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು, ಅಂದರೆ ಫ್ರೆಟ್‌ಗಳನ್ನು, ಕಿತ್ತು, ಸಂದಿ ತುಂಬಿ, ಬೆರಳೊತ್ತುವ ಹಲಗೆಯಾದ ಫಿಂಗರ್‌ಬೋರ್ಡ್‌ಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಅನ್ನುವ ಗಟ್ಟಿ ಲೇಪ ಹಚ್ಚಲಾಗಿತ್ತು. ಮುಂದೆ ಅದು ಒಡೆದು ಚೂರಾಗಿ, ಮತ್ತೆ ಅಂಟಿಸಿಕೊಂಡಿತು. 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಕಳುವಾಯಿತು. ಸುಮಾರು 20 ವರ್ಷದ ನಂತರ ಅದೇ ಊರಿನಲ್ಲಿ ಬೆಳಕಿಗೆ ಬಂತು. ಮೆಟಾಲಿಕಾ ರಾಕ್ ತಂಡದ ರಾಬರ್ಟ್ ಟ್ರುಹಿಯೊ ಅದು ಪಾಸ್ಟೋರಿಯಸ್ ಕುಟುಂಬಕ್ಕೆ ಮರಳಲು ನೆರವಾದರು. ಫ್ಯಾಕ್ಟರಿಯಿಂದ ಬಂದ ಹಾಗೇ ಇರುವ 1962ರ ಜಾಝ್ ಬೇಸ್‌ಗಳು ಬೇಕಾದಷ್ಟಿರಬಹುದು. ಅದೇ ಜಾಗದಲ್ಲಿ ಸೀಳಿ, ಅದೇ ರೀತಿ ಅಂಟಿಸಿಕೊಂಡ ಇನ್ನೊಂದು ಇರಲಾರದು.

ನಮ್ಮ ಗಿಟಾರ್‌ಗೂ ಈಗ ಸರಿಯಾದ ವಿವರ ಬರೆಯಬಹುದು: ನೆಕ್ ಮೇ 1966, ಎರಡು ಪಾಟ್ 1966, ಒಂದು ಪಾಟ್ 1978, ನಡುವೆ ಕೊರೆದು ಮುಚ್ಚಿದ ಜಾಗ, ಬಣ್ಣ ಅದಕ್ಕಿಂತ ಈಚಿನದು. ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಮತ್ತೆ ಜೋಡಿಸುವಾಗ ಸ್ಕ್ರೂವನ್ನು ತೂತಿಗಿಟ್ಟು ಮೊದಲು ಹಿಮ್ಮುಖವಾಗಿ ತಿರುಗಿಸಿ. ತೂತಿನೊಳಗಿನ ಹಳೆಯ ಸುರುಳಿ ಗೀರಿಗೆ ಸ್ಕ್ರೂ ಇಳಿದಾಗ ಬೆರಳಿಗೆ "ಟಕ್" ಅಂತ ಗೊತ್ತಾಗುತ್ತದೆ. ಆಮೇಲೆ ಮೆಲ್ಲಗೆ ಬಿಗಿಯಿರಿ. ಐವತ್ತಕ್ಕೂ ಹೆಚ್ಚು ವರ್ಷದ ಮರದಲ್ಲಿ ಹೊಸ ದಾರಿ ಕೊರೆಯದೆ, ಸ್ಕ್ರೂ ತನ್ನ ಹಳೆಯ ದಾರಿಯಲ್ಲೇ ಕೂರುತ್ತದೆ.