‘ನಪಿಸಾತ್’ನಲ್ಲಿರುವ ‘ನ’ ಸುಮ್ನೆ ಬಂದಿದ್ದಾ?

ಪ್ರಶ್ನೆ: ರಷ್ಯನ್ ಕಲಿಯುತ್ತಿದ್ದೇನೆ. ‘ಬರೆ’ ಅನ್ನೋದಕ್ಕೆ ‘ಪಿಸಾತ್’, ‘ನಪಿಸಾತ್’ ಅಂತ ಎರಡು ಪದ. ‘ಅಂಟಿಸು’ ಅನ್ನೋದಕ್ಕೆ ‘ಕ್ಲೇಯಿತ್’, ‘ಸ್ಕ್ಲೇಯಿತ್’. ಮುಂದೆ ಸೇರುವ ಈ ತುಣುಕುಗಳಿಗೆ ಅರ್ಥ ಇದೆಯಾ, ಇಲ್ಲಾ ಬಾಯಿಪಾಠವೇ ಗತಿಯಾ?

ಅರ್ಥ ಇದೆ. ‘ಯಾ ಪಿಸಾಲ್ ಪಿಸ್ಮೋ’ ಅಂದರೆ ಪತ್ರ ಬರೆಯುತ್ತಿದ್ದೆ. ಮುಗಿಯಿತೋ ಇಲ್ಲವೋ ಗೊತ್ತಿಲ್ಲ. ‘ಯಾ ನಪಿಸಾಲ್ ಪಿಸ್ಮೋ’ ಅಂದರೆ ಬರೆದು ಮುಗಿಸಿದೆ. ಇಲ್ಲಿನ ‘ನ’ ಖಾಲಿ, ಮುಗಿಯಿತು ಅನ್ನೋದು ಬಿಟ್ಟು ಬೇರೇನೂ ಹೇಳಲ್ಲ ಅಂತ ಎಷ್ಟೋ ವ್ಯಾಕರಣಗಳು ಹೇಳುತ್ತಾ ಬಂದವು. ಆದರೆ ಖಾಲಿಯೇ ಆಗಿದ್ದರೆ ಒಂದು ತುಣುಕು ಸಾಕಿತ್ತು, ಅಲ್ವಾ? ರಷ್ಯನ್‌ನಲ್ಲಿ ಇಂಥ 16 ತುಣುಕುಗಳು ಯಾಕೆ ಬೇಕು?

ಈ ಪ್ರಶ್ನೆಯ ಬೆನ್ನು ಹತ್ತಿದವರು ನಾರ್ವೆಯ ಟ್ರೋಮ್ಸೋ ವಿಶ್ವವಿದ್ಯಾಲಯದ ಲಾರಾ ಜಾಂಡಾ ಮತ್ತು ಜೊತೆಗಾರರು. ಅವರ ಪುಸ್ತಕ 2013ರಲ್ಲಿ ಬಂತು. ಕಣ್ಣಾರೆ ಕಂಡ, ಕೈಯಾರೆ ಮುಟ್ಟಿದ ಅನುಭವವೇ ವ್ಯಾಕರಣದ ಒಳಗೂ ಇದೆ ಅಂತ ನಂಬುವ ದಾರಿ ಅವರದು. ಅದಕ್ಕೆ ಅರಿವಿನ ಭಾಷಾವಿಜ್ಞಾನ ಅನ್ನುತ್ತಾರೆ.

ರಷ್ಯನ್‌ನಲ್ಲಿ ‘ನ’ ಅಂದರೆ ‘ಮೇಲೆ’. ‘ನ ಸ್ತಲ್ಯೇ’ ಅಂದರೆ ಮೇಜಿನ ಮೇಲೆ. ಈಗ ‘ನ’ ಯಾರ ಜೊತೆ ಹೋಗುತ್ತದೆ ನೋಡಿ: ಬರೆ, ಚಿತ್ರ ಬಿಡಿಸು, ಮುದ್ರಿಸು, ಸವರು. ಎಲ್ಲದರಲ್ಲೂ ಕೊನೆಗೆ ಏನೋ ಒಂದರ ಮೇಲೆ ಕೂರುತ್ತದೆ. ಕಾಗದದ ಮೇಲೆ ಶಾಯಿ, ಬ್ರೆಡ್ಡಿನ ಮೇಲೆ ಬೆಣ್ಣೆ. ‘ಸ್’ಗೆ ‘ಜೊತೆ’ ಅನ್ನೋ ಅರ್ಥ ಇದೆ. ಅಂಟಿಸು, ಹೊಲಿ, ಹೆಣೆ ಇವು ಹಿಡಿಯುವುದು ಅದನ್ನೇ, ಬಿಡಿಬಿಡಿಯಾಗಿದ್ದದ್ದು ಒಂದಾಗುತ್ತದೆ. ತುಣುಕಿನ ಅರ್ಥ ಕ್ರಿಯಾಪದದಲ್ಲೂ ಮೊದಲೇ ಇದೆ. ಹಾಲಿಗೆ ಹಾಲು ಬೆರೆಸಿದ ಹಾಗೆ, ಬೇರೆಯಾಗಿ ಕಾಣಲ್ಲ ಅಷ್ಟೇ.

ನನಗೆ ತುಂಬ ಇಷ್ಟವಾದದ್ದು ‘ಗ್ರುಜೀತ್’, ಅಂದರೆ ಹೇರು. ‘ಪಗ್ರುಜೀತ್’ ಅಂದಾಗ ಕಣ್ಣು ಹುಲ್ಲಿನ ಮೇಲೆ: ಹುಲ್ಲನ್ನು ಗಾಡಿಗೆ ಹೇರಿದ. ‘ನಗ್ರುಜೀತ್’ ಅಂದಾಗ ಹೆಚ್ಚಾಗಿ ಗಾಡಿಯ ಮೇಲೆ: ಗಾಡಿಯನ್ನು ಹುಲ್ಲಿನಿಂದ ತುಂಬಿದ. ಕೆಲಸ ಅದೇ, ನೋಟ ಬೇರೆ.

ನಮಗಿದು ತೀರಾ ಹೊಸದಲ್ಲ. ನಾವು ಇಂಥದ್ದನ್ನು ಹಿಂದೆ ಸೇರಿಸುತ್ತೇವೆ: ಬರೆದಿಟ್ಟೆ, ಹರಿದುಹಾಕಿದೆ, ಲೋಟ ಒಡೆದುಹೋಯಿತು. ಲೋಟ ‘ಒಡೆದುಕೊಟ್ಟಿತು’ ಅಂತ ಮಗುವೂ ಅನ್ನಲ್ಲ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಜೋಡಿಗಳನ್ನು ಅಕ್ಷರ ಕ್ರಮದಲ್ಲಿ ಬರೆಯಬೇಡಿ. ‘ನ’ಗೆ ಒಂದು ಪುಟ, ‘ಸ್’ಗೆ ಒಂದು ಪುಟ ಇಡಿ. ‘ಪ’ಗೆ ಮಾತ್ರ ಜಾಸ್ತಿ ಪುಟ ಬಿಡಿ. ಎಲ್ಲಕ್ಕಿಂತ ಹೆಚ್ಚು ಕ್ರಿಯಾಪದಗಳು ಹಿಡಿದಿರುವುದು ಅದನ್ನೇ, ಅಲ್ಲಿ ಒಂದೇ ಎಳೆ ಸಿಗಲ್ಲ.