ಪೌಡರ್ ಚೆನ್ನಾಗಿದೆ ಸರಿ, ಆದ್ರೆ ಐಡಿ ಮಾಡಿಸ್ಕೋಬೇಕಾ?

ಪ್ರಶ್ನೆ: ನನ್ನ ಗೆಳತಿ ಒಂದು ನ್ಯೂಟ್ರಿಷನ್ ಕಂಪನಿಗೆ ಸೇರಿದ್ದಾಳೆ. ಅವಳು ಕೊಟ್ಟ ಪ್ರೋಟೀನ್ ಪೌಡರನ್ನು ಮೂರು ತಿಂಗಳಿಂದ ಕುಡಿಯುತ್ತಿದ್ದೇನೆ, ನಿಜವಾಗ್ಲೂ ಆರಾಮ ಅನಿಸ್ತಿದೆ. ಈಗ "ಹೇಗೂ ಕುಡೀತಾ ಇದ್ದೀಯಲ್ಲ, ನೀನೂ ಕಂಪನಿಗೆ ಸೇರಿ ಐಡಿ ಮಾಡಿಸ್ಕೋ, ಡಿಸ್ಕೌಂಟ್ ಸಿಗುತ್ತೆ, ನಾಲ್ಕು ಜನಕ್ಕೆ ಹೇಳಿದರೆ ದುಡ್ಡೂ ಬರುತ್ತೆ" ಅಂತಿದ್ದಾಳೆ. ಪ್ರಾಡಕ್ಟ್ ಒಳ್ಳೆಯದಾಗಿದ್ದ ಮೇಲೆ ಸೇರಿದರೆ ತಪ್ಪೇನು?

ಉತ್ತರ: ಸೇರಬೇಡಿ. ಪೌಡರ್ ಕೆಟ್ಟದು ಅಂತ ಅಲ್ಲ. ಇಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ, ಮೊದಲು ಅವನ್ನು ಬಿಡಿಸಬೇಕು. ಪೌಡರ್ ನನಗೆ ಆಗುತ್ತಾ ಅನ್ನೋದು ಒಂದು. ಒಬ್ಬರ ಕೆಳಗೆ ಒಬ್ಬರು ಸೇರುತ್ತಾ ಅದನ್ನು ಮಾರುವ ಚೈನ್‌ಗೆ (ಇದಕ್ಕೇ ಮಲ್ಟಿ-ಲೆವೆಲ್ ಅಂತಾರೆ) ಸೇರಿದರೆ ನನಗೆ ದುಡ್ಡು ಉಳಿಯುತ್ತಾ ಅನ್ನೋದು ಇನ್ನೊಂದು. ಇಂಥ ಕಂಪನಿಗಳ ಮೀಟಿಂಗ್‌ಗಳಲ್ಲಿ ಮೊದಲನೆಯದಕ್ಕೆ ನಿಮ್ಮಿಂದ ಹೌದು ಅನ್ನಿಸಿ, ಆ ಹೌದನ್ನೇ ಎರಡನೆಯದಕ್ಕೂ ಎಳೆದುಕೊಂಡು ಹೋಗುತ್ತಾರೆ.

ದುಡ್ಡಿನ ವಿಷಯ ಮೊದಲು ನೋಡೋಣ. ಬೋರ್ಡ್ ಮೇಲೆ ಪ್ಲಾನ್ ಬರೆದು ತೋರಿಸುವಾಗ ನೀವು ಯಾವಾಗಲೂ ಮೇಲೆ ಇರುತ್ತೀರಿ, ನಿಮ್ಮ ಕೆಳಗೆ ಆರು ಜನ, ಅವರ ಕೆಳಗೆ ಆರಾರು ಜನ. ಅದನ್ನೇ ಮುಂದುವರಿಸಿ ನೋಡಿ: 6, 36, 216, 1,296, ಹೀಗೇ ಗುಣಿಸುತ್ತಾ ಹೋದರೆ ಹದಿಮೂರನೇ ಸಾಲಿಗೆ 1,300 ಕೋಟಿಗಿಂತ ಜಾಸ್ತಿ ಜನ ಬೇಕು, ಭೂಮಿ ಮೇಲೆ ಇರೋದೇ ಸುಮಾರು 800 ಕೋಟಿ. ಅಷ್ಟು ದೂರ ಯಾವ ಚೈನೂ ಹೋಗಲ್ಲ, ಮಧ್ಯದಲ್ಲೇ ನಿಲ್ಲುತ್ತೆ ಅಂತ ನೀವು ಹೇಳಬಹುದು. ಸರಿ, ಆದರೆ ಎಲ್ಲೇ ನಿಲ್ಲಲಿ, ಆ ಹೊತ್ತಿಗೆ ಒಳಗಿರುವ ಪ್ರತಿ ಆರು ಜನರಲ್ಲಿ ಐದು ಜನ ಕಟ್ಟಕಡೆಯ ಸಾಲಿನಲ್ಲಿರುತ್ತಾರೆ, ಅಂದರೆ ಅವರ ಕೆಳಗೆ ಯಾರೂ ಇರಲ್ಲ. ಆ ಐದು ಜನ ಸೋಮಾರಿಗಳಲ್ಲ. ಅವರು ಎಷ್ಟೇ ಓಡಾಡಿದರೂ ಲೆಕ್ಕದಲ್ಲಿ ಅವರಿಗೆ ಜಾಗವೇ ಇಲ್ಲ. ನನಗೆ ತುಂಬಾ ಬೇಜಾರಾಗುವುದು ಇಲ್ಲೇ. ದುಡ್ಡು ಕಳೆದುಕೊಂಡ ಮೇಲೆ "ನೀನು ಮನಸ್ಸಿಟ್ಟು ಮಾಡಲಿಲ್ಲ" ಅಂತ ಅಪ್‌ಲೈನ್, ಅಂದರೆ ಚೈನ್‌ನಲ್ಲಿ ಮೇಲಿರುವವರು, ಹೇಳುತ್ತಾರೆ, ಕಳೆದುಕೊಂಡವರು ಅದನ್ನು ನಂಬಿಯೂ ಬಿಡುತ್ತಾರೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇಂಥ 70 ಕಂಪನಿಗಳು ತಾವೇ ಹೊರಬಿಟ್ಟ ಆದಾಯದ ವಿವರಗಳನ್ನು ಕೂತು ಓದಿತು. ಹೆಚ್ಚಿನವರಿಗೆ ಕಂಪನಿಯಿಂದ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ, ತಿಂಗಳಿಗೆ ಲೆಕ್ಕ ಹಾಕಿದರೆ 84 ಡಾಲರ್ ಕೂಡ ಆಗಲ್ಲ. ಕನಿಷ್ಠ 17 ಕಂಪನಿಗಳಲ್ಲಿ ಹೆಚ್ಚಿನವರಿಗೆ ಏನೂ ಬಂದಿರಲಿಲ್ಲ. ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ಖರ್ಚನ್ನು ಕಳೆದೇ ಇಲ್ಲ, ಅದನ್ನು ಗಮನಿಸಿ. ಪ್ರತಿ ತಿಂಗಳು ತಗೊಂಡ ಡಬ್ಬ, ಮೀಟಿಂಗ್ ಟಿಕೆಟ್, ಟ್ರೈನಿಂಗ್, ಓಡಾಟ, ಇವೆಲ್ಲ ಕಳೆದರೆ ಉಳಿಯೋದೇನು?

ಈಗ ಡಿಸ್ಕೌಂಟ್ ವಿಷಯ. ಒಂದು ಡಬ್ಬ ಮಾರಾಟವಾದಾಗ ಮೇಲಿನ ನಾಲ್ಕೈದು ಸಾಲಿನವರಿಗೆ ಕಮಿಷನ್ ಹೋಗಬೇಕು, ಆ ಕಮಿಷನ್ ಎಲ್ಲಿಂದ ಬರುತ್ತೆ? ಡಬ್ಬದ ಬೆಲೆಯಿಂದಲೇ. ಮೊದಲು ಅದನ್ನು ಬೆಲೆಗೆ ಸೇರಿಸಿ, ಆಮೇಲೆ ಅದರಲ್ಲಿ ಸ್ವಲ್ಪವನ್ನು ನಿಮಗೆ ಡಿಸ್ಕೌಂಟ್ ಅಂತ ವಾಪಸ್ ಕೊಡುತ್ತಾರೆ. ಜೊತೆಗೆ ಐಡಿ ಆಕ್ಟಿವ್ ಆಗಿರಬೇಕು ಅಂದರೆ ತಿಂಗಳಿಗೆ ಇಷ್ಟು ಪಾಯಿಂಟ್ (ಮಾರಿದ ಅಥವಾ ಕೊಂಡ ಮಾಲಿನ ಲೆಕ್ಕ) ಆಗಲೇಬೇಕು ಅನ್ನೋ ನಿಯಮ ಸಾಮಾನ್ಯವಾಗಿ ಇರುತ್ತೆ. ಹೊರಗಿನವರು ಯಾರೂ ತಗೊಳ್ಳದಿದ್ದರೆ ನೀವೇ ತಗೋತೀರಿ. ಒಂದು ತಿಂಗಳು, ಎರಡು ತಿಂಗಳು, ಆಮೇಲೆ ಕಪಾಟಿನ ತುಂಬಾ ಡಬ್ಬ. ಸೇರಿದ ದಿನ ನೀವು ವ್ಯಾಪಾರಿ ಅಂತ ಅಂದುಕೊಂಡಿದ್ದಿರಿ, ಆದರೆ ಕಂಪನಿಗೆ ನೀವು ಖಾಯಂ ಗಿರಾಕಿ.

ಇಷ್ಟೊಂದು ವಸ್ತುಗಳಿರುವಾಗ ಈ ವ್ಯಾಪಾರಕ್ಕೆ ವಿಟಮಿನ್ನು, ಪೌಡರೇ ಯಾಕೆ ಇಷ್ಟು ಒಗ್ಗುತ್ತವೆ? ಮಿಕ್ಸಿ ಕೆಟ್ಟರೆ ತಕ್ಷಣ ಗೊತ್ತಾಗುತ್ತೆ. ಮಾತ್ರೆ ಕೆಲಸ ಮಾಡ್ತಿದೆಯೋ ಇಲ್ಲವೋ ಗೊತ್ತಾಗೋದು ಕಷ್ಟ. ಸುಸ್ತು, ನಿದ್ದೆ, ಹೊಟ್ಟೆ ಉಬ್ಬರ ಇವೆಲ್ಲ ತಮ್ಮಷ್ಟಕ್ಕೆ ಬಂದು ತಮ್ಮಷ್ಟಕ್ಕೆ ಹೋಗುತ್ತವೆ, ಹೋದಾಗ ಹೆಸರು ಮಾತ್ರೆಗೆ ಬರುತ್ತೆ, ಹೋಗದಿದ್ದರೆ "ಇನ್ನೂ ಮೂರು ತಿಂಗಳು ತಗೋ" ಅನ್ನಬಹುದು. ಮುಗಿದ ಮೇಲೆ ಮತ್ತೆ ಕೊಳ್ಳಲೇಬೇಕು. ಸುಮ್ನೆ ಹೇಳ್ತಿಲ್ಲ, ಈ ಪದ್ಧತಿ ಬೆಳೆದಿದ್ದೇ ವಿಟಮಿನ್ ಮಾತ್ರೆಯ ಜೊತೆ. ಕಾರ್ಲ್ ರೆನ್‌ಬೋರ್ಗ್ ಅನ್ನುವವರು 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಕಂಪನಿ ಆಮೇಲೆ ನ್ಯೂಟ್ರಿಲೈಟ್ ಆಯಿತು. 1945ರಲ್ಲಿ ಮಿಟಿಂಜರ್ ಮತ್ತು ಕ್ಯಾಸಲ್‌ಬೆರಿ ಅನ್ನೋ ಇಬ್ಬರು ಅದನ್ನು ಮಾರಲು, ಕೆಳಗಿನವರ ಮಾರಾಟದಲ್ಲಿ ಮೇಲಿನವರಿಗೂ ಪಾಲು ಸಿಗುವ ಪ್ಲಾನ್ ಹಾಕಿದರು. ಅದೇ ನ್ಯೂಟ್ರಿಲೈಟ್ ಮಾರುತ್ತಿದ್ದ ಇಬ್ಬರು ಗೆಳೆಯರು 1959ರಲ್ಲಿ ಆಮ್‌ವೇ ಶುರು ಮಾಡಿದರು.

ಆಗಲೇ ಇನ್ನೊಂದು ಕಾಯಿಲೆಯೂ ಅಂಟಿಕೊಂಡಿತು. ಮಾರುವವರ ಕೈಗೆ ಒಂದು ಪುಟ್ಟ ಪುಸ್ತಕ ಕೊಟ್ಟಿದ್ದರು, ಹತ್ತಾರು ರೋಗಕ್ಕೆ ಈ ಮಾತ್ರೆ ಒಳ್ಳೆಯದು ಅನ್ನೋ ಧಾಟಿಯಲ್ಲಿ. ಅಮೆರಿಕ ಸರ್ಕಾರ ಮಾಲು ಜಪ್ತಿ ಮಾಡಿತು, ಜಗಳ 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಎಪ್ಪತ್ತು ವರ್ಷ ಆದ ಮೇಲೆ, 2020ರಲ್ಲಿ, ಅದೇ ಅಮೆರಿಕದಲ್ಲಿ ಇಂಥ ಕಂಪನಿಗಳಿಗೆ ಎಚ್ಚರಿಕೆ ಪತ್ರ ಹೋದವು, ಅವರ ಡಿಸ್ಟ್ರಿಬ್ಯೂಟರ್‌ಗಳು ಕೊರೋನಾಗೂ ಇದೇ ಮದ್ದು ಅಂತ ಹೇಳಿಕೊಂಡು ತಿರುಗುತ್ತಿದ್ದರು ಅಂತ. ಕಂಪನಿಯ ಲೇಬಲ್ ಮೇಲೆ "ರೋಗ ವಾಸಿ ಮಾಡಲು ಅಲ್ಲ" ಅಂತ ಇರುತ್ತೆ. ಲೇಬಲ್ ಹೇಳಲಾರದ್ದನ್ನು ಪಕ್ಕದ ಮನೆಯವರು ಹೇಳುತ್ತಾರೆ, ಸಿಕ್ಕಿಬಿದ್ದರೆ ಅದು ಅವರ ಸ್ವಂತ ಮಾತು, ಕಂಪನಿಯದ್ದಲ್ಲ.

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ, ದುಡ್ಡು ಹೋದರೆ ಮತ್ತೆ ದುಡಿಯಬಹುದು. ನನಗೆ ಹತ್ತಿರದವರೊಬ್ಬರು ಥೈರಾಯ್ಡ್ ಮಾತ್ರೆ ನಿಲ್ಲಿಸಿಬಿಟ್ಟಿದ್ದರು, "ಬುಡದಿಂದಲೇ ಸರಿ ಹೋಗುತ್ತೆ" ಅಂತ ಅಪ್‌ಲೈನ್ ಹೇಳಿದ್ದಕ್ಕೆ. ಹೇಳಿದವರು ಕೆಟ್ಟವರಲ್ಲ, ನಂಬಿದ್ದರು. ಆದರೆ ಅವರಿಗೆ ಡಾಕ್ಟರಿಕೆಯೂ ಗೊತ್ತಿರಲಿಲ್ಲ, ಆ ಡಬ್ಬ ಮಾರಾಟವಾದರೆ ಅವರಿಗೆ ಪಾಯಿಂಟೂ ಬರುತ್ತಿತ್ತು. ಸಪ್ಲಿಮೆಂಟ್ ಅಂದರೆ ಏನೂ ಆಗಲ್ಲ ಅನ್ನೋದು ತಪ್ಪು. ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಜಾಸ್ತಿ ಪ್ರಮಾಣದಲ್ಲಿ ತಗೊಂಡವರಲ್ಲಿ ಲಿವರ್‌ಗೆ ಪೆಟ್ಟಾಗಿರುವುದು ವೈದ್ಯರಿಗೆ ಗೊತ್ತಿರುವ ವಿಷಯ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರಿಗೆ ವಿಟಮಿನ್ ಕೆ ಇರುವ ಪೌಡರ್ ಅಡ್ಡ ಬರುತ್ತೆ. ಕೂದಲಿಗೆ ಅಂತ ಕೊಡುವ ಬಯೋಟಿನ್ ಜಾಸ್ತಿ ಆದರೆ ಥೈರಾಯ್ಡ್ ಟೆಸ್ಟ್, ಹಾರ್ಟ್ ಅಟ್ಯಾಕ್ ಪತ್ತೆಗೆ ಮಾಡುವ ಟ್ರೊಪೋನಿನ್ ಟೆಸ್ಟ್ ಎರಡೂ ತಪ್ಪು ತೋರಿಸಬಹುದು. ಅಮೆರಿಕದಲ್ಲಂತೂ 1994ರ ಕಾನೂನಿನ ಪ್ರಕಾರ, ಸಪ್ಲಿಮೆಂಟ್ ಮಾರುಕಟ್ಟೆಗೆ ಬರುವ ಮೊದಲು ಅದು ಕೆಲಸ ಮಾಡುತ್ತೆ ಅಂತ ಸರ್ಕಾರಕ್ಕೆ ಸಾಬೀತು ಮಾಡಿ ಒಪ್ಪಿಗೆ ಪಡೆಯಬೇಕಾಗಿಲ್ಲ.

ಹಾಗಾದರೆ ನಿಮಗೆ ಆರಾಮ ಅನಿಸಿದ್ದು ಸುಳ್ಳಾ? ಖಂಡಿತ ಅಲ್ಲ. ಪ್ರೋಟೀನ್ ಪೌಡರ್‌ನಲ್ಲಿ ಪ್ರೋಟೀನ್ ಇರುತ್ತೆ, ಊಟದಲ್ಲಿ ಕಡಿಮೆ ಇದ್ದವರಿಗೆ ಅದರಿಂದ ಒಳ್ಳೆಯದಾಗುತ್ತೆ. ಜೊತೆಗೆ ಹೊತ್ತಿಗೆ ಸರಿಯಾಗಿ ಏನೋ ಹೊಟ್ಟೆಗೆ ಬಿತ್ತು, ನೀರು ಜಾಸ್ತಿ ಕುಡಿದಿರಿ, ದಿನಾ ವಿಚಾರಿಸಿಕೊಳ್ಳುವ ಗೆಳತಿ ಇದ್ದಳು. ಇದಕ್ಕೆ ಯಾವುದಕ್ಕೂ ಐಡಿ ಬೇಕಾಗಿಲ್ಲ. ಅದೇ ಪ್ರೋಟೀನು ಚೈನ್ ಇಲ್ಲದ ಕಡೆಯೂ ಸಿಗುತ್ತೆ. ಎರಡೂ ಡಬ್ಬ ತಿರುಗಿಸಿ, ನೂರು ಗ್ರಾಂಗೆ ಎಷ್ಟು ಪ್ರೋಟೀನ್, ಎಷ್ಟು ಸಕ್ಕರೆ, ಎಷ್ಟು ಬೆಲೆ ಅಂತ ಪಕ್ಕಪಕ್ಕ ಬರೆದು ನೋಡಿ.

ಕಾನೂನುಬದ್ಧ ಕಂಪನಿ ಅಂತ ಗೆಳತಿ ಹೇಳಬಹುದು. 1979ರಲ್ಲಿ ಆಮ್‌ವೇ ಪಿರಮಿಡ್ (ಮಾಲು ಮಾರುವುದಕ್ಕಿಂತ ಜನರನ್ನು ಸೇರಿಸುವುದರಿಂದಲೇ ದುಡ್ಡು ಬರುವ ಅಕ್ರಮ ಸ್ಕೀಮ್) ಅಲ್ಲ ಅಂತ ಟ್ರೇಡ್ ಕಮಿಷನ್ ಹೇಳಿದ್ದು ನಿಜ, ಆದರೆ ಕೊಂಡ ಮಾಲಿನಲ್ಲಿ 70% ಮಾರಿರಬೇಕು, ತಿಂಗಳಿಗೆ ಹತ್ತು ಗಿರಾಕಿಗಳಿಗೆ ಮಾರಿರಬೇಕು, ಉಳಿದ ಮಾಲನ್ನು ವಾಪಸ್ ತಗೋಬೇಕು ಅನ್ನೋ ನಿಯಮಗಳು ಅಲ್ಲಿದ್ದವು ಅನ್ನೋ ಕಾರಣಕ್ಕೆ. 2016ರಲ್ಲಿ ಇಂಥದ್ದೇ ಇನ್ನೊಂದು ಕಂಪನಿ ಹರ್ಬಲೈಫ್ 20 ಕೋಟಿ ಡಾಲರ್ ಕೊಟ್ಟು ಅದೇ ಕಮಿಷನ್ ಹೂಡಿದ್ದ ಪ್ರಕರಣ ಮುಗಿಸಿಕೊಂಡಿತು, ಹಣ ಕಳೆದುಕೊಂಡ ಸುಮಾರು 3.5 ಲಕ್ಷ ಜನರಿಗೆ ಚೆಕ್ ಹೋಯಿತು. 2019ರಲ್ಲಿ ಅಡ್ವೊಕೇರ್ ಅನ್ನೋ ಕಂಪನಿ 15 ಕೋಟಿ ಡಾಲರ್ ಕೊಟ್ಟಿತು, ಮತ್ತೆ ಮಲ್ಟಿ-ಲೆವೆಲ್ ಮಾಡುವ ಹಾಗಿಲ್ಲ ಅಂತ ಒಪ್ಪಿಕೊಂಡಿತು. ಇವೂ ಒಂದು ಕಾಲಕ್ಕೆ "ಕಾನೂನುಬದ್ಧ ಕಂಪನಿ"ಗಳೇ ಆಗಿದ್ದವು ಅಲ್ವಾ.

ಗೆಳತಿಗೆ ಏನು ಹೇಳಬೇಕು? ಜಗಳ ಆಡಬೇಡಿ. "ಮೋಸ" ಅನ್ನೋ ಮಾತು ಬಂದ ಕೂಡಲೇ ಅವಳು ಅಪ್‌ಲೈನ್ ಕಡೆ ಇನ್ನೂ ಹತ್ತಿರ ಹೋಗುತ್ತಾಳೆ, ಹೊರಗಿನವರು ಹೀಗೇ ಅಂತಾರೆ ಅಂತ ಅವಳಿಗೆ ಅಲ್ಲಿ ಮೊದಲೇ ಹೇಳಿಕೊಟ್ಟಿರುತ್ತಾರೆ. ಒಂದು ದಿನ ಅವಳ ಜೊತೆ ಕೂತು, ಕಳೆದ ಆರು ತಿಂಗಳಲ್ಲಿ ಕಂಪನಿಗೆ ಹೋದ ದುಡ್ಡು ಒಂದು ಕಡೆ, ಕಂಪನಿಯಿಂದ ಬಂದ ದುಡ್ಡು ಇನ್ನೊಂದು ಕಡೆ ಬರೆಯೋಣ ಅನ್ನಿ. ಲೆಕ್ಕ ಅವಳೇ ಬರೆಯಲಿ. ಮನೆಯಲ್ಲಿ ಒಡೆಯದ ಡಬ್ಬ ಉಳಿದಿದ್ದರೆ ಕಂಪನಿ ಎಷ್ಟು ದಿನದವರೆಗೆ ವಾಪಸ್ ತಗೊಳ್ಳುತ್ತೆ ಅಂತ ಕರಾರಿನಲ್ಲಿ ನೋಡಿ, ಆ ತಾರೀಖು ದಾಟುವ ಮೊದಲು ಬರವಣಿಗೆಯಲ್ಲೇ ಕೇಳಿ. ಪ್ರತಿ ತಿಂಗಳು ತಾನಾಗೇ ಆರ್ಡರ್ ಆಗುವ ಹಾಗೆ ಇಟ್ಟಿದ್ದರೆ ಅದನ್ನು ಮೊದಲು ನಿಲ್ಲಿಸಿ.