ಕನ್ನಡಕಕ್ಕೆ ಅಂಟುವ ಪ್ರಿಸಂ: ಮೆತ್ತಗಿದ್ದರೆ ಮಬ್ಬು, ಗಟ್ಟಿಯಾದರೆ ಅಂಟದು

ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಒಂದು ದಿನ ಬೆಳಗ್ಗೆ ಎದ್ದಾಗ ಎಲ್ಲವೂ ಎರಡೆರಡಾಗಿ ಕಾಣತೊಡಗುತ್ತದೆ. ಕಣ್ಣನ್ನು ಹೊರಗಡೆಗೆ ಹೊರಳಿಸುವ ಆರನೇ ನರಕ್ಕೆ ರಕ್ತ ಸರಿಯಾಗಿ ಸಿಗದೆ ಅದು ಸೋತಿರುತ್ತದೆ. ಮೆಟ್ಟಿಲು ಇಳಿಯಲು ಭಯ, ರಸ್ತೆ ದಾಟಲು ಭಯ, ಲೋಟಕ್ಕೆ ಕಾಫಿ ಬಗ್ಗಿಸಿದರೆ ಅದು ಪಕ್ಕಕ್ಕೆ ಬೀಳುತ್ತದೆ. ಹೀಗಾದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು, ಬೇರೆ ದೊಡ್ಡ ಕಾರಣವೂ ಇರಬಹುದು. ಸಕ್ಕರೆ ಕಾಯಿಲೆಯಿಂದ ಬಂದದ್ದಾದರೆ ಹೆಚ್ಚಿನವರಿಗೆ 3ರಿಂದ 6 ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅಲ್ಲಿಯ ತನಕ ಏನು ಮಾಡುವುದು?

ಆ ದಿನಗಳಿಗೆ ಕನ್ನಡಕದ ಲೆನ್ಸಿನ ಒಳಬದಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ. ಅದೇ ಅಂಟುವ ಪ್ರಿಸಂ. ಎರಡಾಗಿ ಕಂಡದ್ದು ಮತ್ತೆ ಒಂದಾಗುತ್ತದೆ. ಹಾಳೆ ಚಿಕ್ಕದು, ಬೆಲೆಯೂ ವಿಶೇಷ ಲೆನ್ಸಿಗಿಂತ ಕಡಿಮೆ. ಆದರೆ ಅದರ ಪ್ಲಾಸ್ಟಿಕ್ ಇನ್ನೂ ಸುಧಾರಿಸಬೇಕು ಎಂಬ ಮಾತು ಹಳೆಯದು. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಲೆಯಲ್ಲಿ ಪಟ್ಟಕ ಎಂದು ಓದಿದ್ದೇವಲ್ಲ, ಅದೇ ಪ್ರಿಸಂ. ಅದು ಬೆಳಕನ್ನು ತನ್ನ ದಪ್ಪ ಬದಿಯ ಕಡೆಗೆ ಬಾಗಿಸುತ್ತದೆ. ಎಷ್ಟು ಬಾಗಿಸುತ್ತದೆ ಎಂದು ಹೇಳುವ ಅಳತೆ ಪ್ರಿಸಂ ಡಯಾಪ್ಟರ್. 1 ಮೀಟರ್ ದೂರದಲ್ಲಿ ಬೆಳಕು 1 ಸೆಂಟಿಮೀಟರ್ ಸರಿದರೆ ಅದು 1 ಪ್ರಿಸಂ ಡಯಾಪ್ಟರ್. ಅಮೆರಿಕದ ಚಾರ್ಲ್ಸ್ ಪ್ರೆಂಟಿಸ್ 1890ರಲ್ಲಿ ಈ ಅಳತೆಯನ್ನು ಸೂಚಿಸಿದರು. ತೊಂದರೆ ಇರುವುದು ದಪ್ಪದಲ್ಲಿ. 50 ಮಿಲಿಮೀಟರ್ ಅಗಲದ ಮಾಮೂಲಿ ಪ್ಲಾಸ್ಟಿಕ್ ಲೆನ್ಸಿಗೆ 10 ಡಯಾಪ್ಟರ್ ಪ್ರಿಸಂ ಬೇಕೆಂದರೆ ಒಂದು ಬದಿ ಇನ್ನೊಂದಕ್ಕಿಂತ ಸುಮಾರು 10 ಮಿಲಿಮೀಟರ್ ದಪ್ಪ ಇರಬೇಕು. 20 ಆದರೆ ಅದರ ಎರಡರಷ್ಟು. ಅಂಥ ಕನ್ನಡಕವನ್ನು ಮೂಗು ಹೊರುವುದು ಹೇಗೆ?

ಇದಕ್ಕೆ ದಾರಿ ಸಿಕ್ಕಿದ್ದು ಸಮುದ್ರದ ಕಡೆಯಿಂದ. ದಪ್ಪ ಗಾಜಿನೊಳಗಿನ ಕೆಲಸವಿಲ್ಲದ ಭಾಗವನ್ನು ತೆಗೆದು, ಬೆಳಕು ಬಾಗಿಸುವ ಇಳಿಜಾರನ್ನು ಮಾತ್ರ ತುಂಡು ತುಂಡಾಗಿ ಉಳಿಸಿಕೊಂಡರೂ ಸಾಕು ಎಂಬುದು ಆ ಉಪಾಯ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಇದನ್ನು ದೀಪಸ್ತಂಭಕ್ಕೆ ತಂದರು. 1823ರಲ್ಲಿ ಕಾರ್ಡುವಾನ್ ದೀಪಸ್ತಂಭದಲ್ಲಿ ಅವರ ಲೆನ್ಸ್ ಬೆಳಗಿತು. ಹಳೇ ಬಟ್ಟೆ ಮಿಲ್ಲುಗಳ ಮಾಡು ನೋಡಿದ್ದೀರಾ? ಒಂದು ದೊಡ್ಡ ಇಳಿಜಾರಿನ ಬದಲು ಗರಗಸದ ಹಲ್ಲಿನ ಹಾಗೆ ಸಾಲಾಗಿ ಸಣ್ಣ ಸಣ್ಣ ಇಳಿಜಾರು. ಅಂಟುವ ಪ್ರಿಸಂ ಕೂಡ ಹಾಗೆಯೇ. ಅದರ ದಪ್ಪ ಸುಮಾರು 1 ಮಿಲಿಮೀಟರ್ ಅಷ್ಟೇ.

ಮೊದಲು ಇಂಥ ಪ್ರಿಸಂಗಳನ್ನು ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಗಳಾಗಿ ಮಾಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆಳ್ಳಗಣ್ಣಿನ ತಜ್ಞ ಆರ್ಥರ್ ಜಾಂಪೋಲ್ಸ್ಕಿ ಮತ್ತು ಜೊತೆಗಾರರು ಬಾಗುವ, ಮೆತ್ತಗಿನ ಹಾಳೆಯನ್ನು ಕಣ್ಣಿನ ವೈದ್ಯರಿಗೆ ಪರಿಚಯಿಸಿದರು. ಅದು ಪಿವಿಸಿ. ಕತ್ತರಿಯಲ್ಲಿ ಲೆನ್ಸಿನ ಆಕಾರಕ್ಕೆ ಕತ್ತರಿಸಿ, ನೀರಿನಲ್ಲಿ ಅದ್ದಿ, ಗುಳ್ಳೆ ಉಳಿಯದ ಹಾಗೆ ಒತ್ತಿದರೆ ಆಯಿತು. ಗೋಂದು ಬೇಡ. ಪವರ್ ಬದಲಾದರೆ ಕಿತ್ತು ಬೇರೆ ಹಾಕಬಹುದು. 40 ಡಯಾಪ್ಟರ್ ತನಕ ಸಿಗುತ್ತದೆ. ವಾರ ವಾರಕ್ಕೂ ಬದಲಾಗುವ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ.

ಆದರೆ ಪಿವಿಸಿ ಹುಟ್ಟಿನಿಂದ ಗಟ್ಟಿ ಪದಾರ್ಥ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಸೇರಿಸಬೇಕು. ಡೈನಿಂಗ್ ಟೇಬಲ್ ಮೇಲಿನ ಪಾರದರ್ಶಕ ಹೊದಿಕೆ ವರ್ಷ ಕಳೆದಂತೆ ಹಳದಿಯಾಗಿ ಬಿರುಸಾಗುವುದನ್ನು ನೋಡಿರುತ್ತೀರಿ. ಆ ಎಣ್ಣೆ ನಿಧಾನವಾಗಿ ಹೊರಬರುತ್ತದೆ, ಬಿಸಿಲು ಮತ್ತು ಸೆಖೆ ಪ್ಲಾಸ್ಟಿಕ್ಕನ್ನು ಹಳದಿ ಮಾಡುತ್ತವೆ. ಕನ್ನಡಕದ ಹಾಳೆಗೂ ಅದೇ ಗತಿ. ಜೊತೆಗೆ ಮೆತ್ತಗಿನ ಪದಾರ್ಥದಲ್ಲಿ ಹಲ್ಲಿನ ಅಂಚು ಚೂಪಾಗಿ ಉಳಿಯುವುದು ಕಷ್ಟ. ಮೊಂಡಾದ ಅಂಚಿನಲ್ಲಿ ಬೆಳಕು ಚದುರುತ್ತದೆ, ಸಂದಿಯಲ್ಲಿ ಧೂಳು ಕೂರುತ್ತದೆ. ಪವರ್ ಜಾಸ್ತಿ ಆದಷ್ಟೂ ಮಬ್ಬು ಜಾಸ್ತಿ. ಅದಕ್ಕೇ ಸಾಮಾನ್ಯವಾಗಿ ಒಂದೇ ಕಣ್ಣಿಗೆ ಹಾಕುತ್ತಾರೆ.

ಹಾಗಾದರೆ ಗಟ್ಟಿ ಪದಾರ್ಥ ಬಳಸಬಾರದೇ? ಒಂದು ಕಡೆ ಅದನ್ನು ಮಾಡಿದ್ದಾರೆ. ಪಾರ್ಶ್ವವಾಯುವಿನ ನಂತರ ಕೆಲವರಿಗೆ ಎರಡೂ ಕಣ್ಣಿನಲ್ಲಿ ಒಂದೇ ಬದಿಯ ಅರ್ಧ ನೋಟ ಹೋಗಿಬಿಡುತ್ತದೆ. ಬಾಸ್ಟನ್ನಿನ ಸ್ಕೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯ ಎಲಿ ಪೆಲಿ, ಇಂಥವರಿಗೆ ಕಾಣದ ಬದಿಯ ನೋಟ ಕಾಣುವ ಬದಿಗೆ ಸರಿಯಲೆಂದು, ಲೆನ್ಸಿನ ಮೇಲ್ಭಾಗ, ಕೆಳಭಾಗದಲ್ಲಿ ಪ್ರಿಸಂ ಪಟ್ಟಿ ಇಟ್ಟರು. ಮೊದಲು 40 ಡಯಾಪ್ಟರಿನ ಅಂಟುವ ಪಿವಿಸಿ, ಅಂದರೆ ಸುಮಾರು 22 ಡಿಗ್ರಿ. ಆಮೇಲೆ ಅಕ್ರಿಲಿಕ್‌ನಲ್ಲಿ ಗಟ್ಟಿಯಾಗಿ ಕೂರಿಸಿದ 57 ಡಯಾಪ್ಟರ್, ಸುಮಾರು 30 ಡಿಗ್ರಿ. ನೋಟವೂ ತಿಳಿಯಾಯಿತು. ಆದರೆ ಅದನ್ನು ಮನೆಯಲ್ಲಿ ಅಂಟಿಸಿ ಕೀಳಲಾಗದು. 6 ತಿಂಗಳಲ್ಲಿ ಸರಿಹೋಗುವ ಕಣ್ಣಿಗೆ ಅದು ಹೊಂದುವುದಿಲ್ಲ.

ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪ್ಲಾಸ್ಟಿಕ್ ಗಟ್ಟಿ, ಸುಲಭವಾಗಿ ಒಡೆಯುವುದಿಲ್ಲ. ಆದರೆ ಬಣ್ಣಗಳನ್ನು ಬೇರ್ಪಡಿಸುವುದು ಅಕ್ರಿಲಿಕ್ಕಿನ ಸುಮಾರು ಎರಡರಷ್ಟು. ಪ್ರಿಸಂ ಮೂಲಕ ನೋಡಿದರೆ ಟ್ಯೂಬ್‌ಲೈಟಿನ ಅಂಚಿಗೆ ಕಾಮನಬಿಲ್ಲು ಮೂಡುತ್ತದೆ. ಹಾಗಾಗಿ ಅದನ್ನು ನಾನು ಆರಿಸಲಾರೆ.

ನನಗೆ ಆಸೆ ಇರುವುದು ಎರಡು ಪದರದ ಹಾಳೆಯ ಮೇಲೆ. ಟಿವಿ, ಲ್ಯಾಪ್‌ಟಾಪ್‌ಗಳ ಎಲ್‌ಸಿಡಿ ಪರದೆಯ ಹಿಂದೆ ಈಗಲೇ ಪ್ರಿಸಂ ಹಾಳೆಗಳಿವೆ. ಪಾಲಿಯೆಸ್ಟರ್ ಹಾಳೆಯ ಮೇಲೆ ಅಕ್ರಿಲಿಕ್ ದ್ರವ ಸುರಿದು, ಅಚ್ಚೊತ್ತಿ, ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಗಟ್ಟಿ ಮಾಡಿದ ಚೂಪು ಹಲ್ಲುಗಳು ಅವು. ಅಲ್ಲಿ ಬೆಳಕನ್ನು ತಿರುಗಿಸಿದರೆ ಸಾಕು, ಅವುಗಳ ಮೂಲಕ ಯಾರೂ ಓದುವುದಿಲ್ಲ. ಕಣ್ಣಿನ ಮುಂದೆ ಹಲ್ಲು ಅಷ್ಟು ಸಣ್ಣದಾದರೆ ಬೆಳಕು ಅಂಚಿನಲ್ಲಿ ಹರಡಿ ಅಕ್ಷರ ಮಬ್ಬಾಗುತ್ತದೆ. ಇಲ್ಲಿಗೆ ಸ್ವಲ್ಪ ಅಗಲದ ಹಲ್ಲು ಬೇಕು. ಕೆಳಗೆ ಮೊಬೈಲ್ ಸ್ಕ್ರೀನ್ ಗಾರ್ಡಿನಲ್ಲಿರುವಂಥ ತೆಳು ಸಿಲಿಕೋನ್ ಪದರ ಅಂಟುವ ಕೆಲಸ ಮಾಡಬಹುದು. ಉಳಿದಿರುವ ಕಷ್ಟ ಒಂದು. ಪಾಲಿಯೆಸ್ಟರ್ ಒಂದು ದಿಕ್ಕಿಗೆ ಮಾತ್ರ ಸಲೀಸಾಗಿ ಬಾಗುತ್ತದೆ, ಕನ್ನಡಕದ ಲೆನ್ಸು ಬಟ್ಟಲಿನ ಹಾಗೆ ಎಲ್ಲ ಕಡೆಗೂ ಬಾಗಿರುತ್ತದೆ. ಬಟ್ಟಲಿನೊಳಗೆ ಕಾಗದ ಒತ್ತಿ ನೋಡಿ, ಸುಕ್ಕು ಎಲ್ಲಿ ಬೀಳುತ್ತದೆ ಅಂತ ತಿಳಿಯುತ್ತದೆ.